ಇನ್ನೊಂದು ಗೇಣು ಹತ್ತಿರ

"ಅದನ್ನ ಕೆಳಗಿಡಿ. ಅದು ನಿಮಗಲ್ಲ."

ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಮುಖ ಕೆಂಪೇರಿತು.

ಅವಳ ಅಂಗೈಯಲ್ಲಿದ್ದದ್ದು ಆ ಕ್ಯಾಮೆರಾ ಅಂಗಡಿಯಲ್ಲೇ ಅತಿ ದುಬಾರಿಯಾದ ಲೆನ್ಸ್. ಹಿತ್ತಾಳೆಯ ತೂಕದ ಮೈ, ಬಾವಿಯ ಹಾಗೆ ಆಳವಾದ ಗಾಜು. ಎಂಥ ಮಬ್ಬಿನಲ್ಲೂ ಬೆಳಕನ್ನು ಹೆಕ್ಕಿ ತರುತ್ತದೆ ಎಂದು ಹೆಸರು ಮಾಡಿದ ಲೆನ್ಸ್. ಗಲ್ಲಾದ ಆಚೆ ನಿಂತಿದ್ದ ಅಂಗಡಿಯವನು ಮೇಜಿನ ಮೇಲೆ ಇನ್ನೊಂದನ್ನು ಇಟ್ಟ. ಚಿಕ್ಕದು, ಹಗುರ, ಕಪ್ಪು ಬಣ್ಣದ್ದು. ಬೆಲೆಯೂ ಅಗ್ಗ.

"ನಿಮಗೆ ಇದು ಸಾಕು."

ಇದು ಸಾಕು!

ಹುಟ್ಟಿದಾಗಿನಿಂದ ಬೆನ್ನು ಹತ್ತಿದ ಮಾತು ಅದು. ಅಕ್ಕ ಹಾಕಿ ಬಿಟ್ಟ ಬಟ್ಟೆ, ನಿನಗೆ ಇದು ಸಾಕು. ಅಕ್ಕ ಓದಿದ ಹರಿದ ಪುಸ್ತಕ, ನಿನಗೆ ಇದು ಸಾಕು. ಈಗ ಕೆಲಸ ಮಾಡುವ ಸ್ಟುಡಿಯೋದಲ್ಲೂ ಅಷ್ಟೇ. ಮದುಮಕ್ಕಳ ಫೋಟೋ ಯಜಮಾನರು ತೆಗೆಯುತ್ತಿದ್ದರು. ಊಟದ ಸಾಲಿನಲ್ಲಿ ಕೂತವರ ಫೋಟೋ ಅವಳ ಪಾಲಿಗೆ.

ಮನೆಯಲ್ಲಿ ಎಲ್ಲರೂ ಅವಳನ್ನು ಕಿಡಿ ಎಂದು ಕರೆಯುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಿಗೆ ಬೇರೆ ಯಾವ ಹೆಸರೂ ಅಂಟಿರಲಿಲ್ಲ.

"ನನ್ನ ಬಟ್ಟೆ ನೋಡಿ ಹೇಳ್ತಿದೀರಾ? ಇಲ್ಲ ಚಪ್ಪಲಿ ನೋಡಿಯಾ?"

ಅವನು ಕಕ್ಕಾಬಿಕ್ಕಿಯಾದ. "ಅಯ್ಯೋ, ಹಾಗಲ್ಲ. ನೀವು ಹೇಳಿದ ಜಾಗ..."

"ಜಾಗ ಕತ್ತಲೆ ಅಂತ ಹೇಳಿದೆ. ಫ್ಲಾಶ್ ಹಾಕೋ ಹಾಗಿಲ್ಲ ಅಂತಲೂ ಹೇಳಿದೆ. ಕತ್ತಲೇಲಿ ಬೆಳಕು ಹಿಡಿಯೋ ಲೆನ್ಸ್ ಯಾವುದು ಅಂತ ನನಗೂ ಗೊತ್ತು ಸ್ವಾಮಿ. ಇವತ್ತೊಂದು ದಿನಕ್ಕೆ ಇದನ್ನ ಬಾಡಿಗೆಗೆ ಕೊಡ್ತೀರೋ ಇಲ್ವೋ?"

"ಒಂದು ನಿಮಿಷ ನನ್ನ ಮಾತು ಕೇಳಿ..."

"ಕೊಡ್ತೀರೋ, ಇಲ್ವೋ?"

ಅವನು ಬಾಯಿ ಮುಚ್ಚಿಕೊಂಡ. ಸಾಲಾಗಿ ಲೆನ್ಸ್ ಇಟ್ಟಿದ್ದ ಕಪಾಟಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ದುಬಾರಿ ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿತ್ತ. ಒಳಗಿನ ಕೋಣೆಯ ಬಾಗಿಲಲ್ಲಿ ಇದನ್ನೆಲ್ಲ ನೋಡುತ್ತ ನಿಂತಿದ್ದ ಅವನ ಚಿಕ್ಕಮ್ಮ ನಕ್ಕರು.

"ಹುಡುಗಿ ಸರಿಯಾಗಿ ಕೊಟ್ಟಳು ನೋಡು ನಿನಗೆ. ಬಾಯಲ್ಲಿ ಮುತ್ತಿಟ್ಕೊಂಡು ಕೂತಿದ್ರೆ ಹೀಗೇ ಆಗೋದು."

ಆದರೆ ಕಿಡಿ ಆಗಲೇ ರಸ್ತೆ ದಾಟಿ ಆಗಿತ್ತು.

*

ಅವಳ ಅವಸರಕ್ಕೆ ಕಾರಣವಿತ್ತು.

ಅವಳ ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಮಗು. ಅಂಗೈಯಗಲದ ಮಗು ಎಂದರೂ ಸರಿಯೇ. ಹುಟ್ಟಿದ ಕೂಡಲೇ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಚ್ಚಗೆ ಕಾಯುತ್ತಿದ್ದರು. ಅಕ್ಕನಿಗೋ ಸೋಂಕು ತಗುಲಿ ಜ್ವರ. ಅವಳನ್ನು ಆಸ್ಪತ್ರೆಯ ಇನ್ನೊಂದು ಕಟ್ಟಡದಲ್ಲಿ ಬೇರೆಯಾಗಿ ಮಲಗಿಸಿದ್ದರು. ಜ್ವರ ಬಿಡುವವರೆಗೆ ಮಗುವಿನ ವಾರ್ಡಿನ ಬಾಗಿಲನ್ನೂ ಅವಳು ಮುಟ್ಟುವಂತಿರಲಿಲ್ಲ.

"ಮಗು ಚೆನ್ನಾಗಿದೆ" ಎಂದು ಎಲ್ಲರೂ ಹೇಳುತ್ತಿದ್ದರು. ಕಷ್ಟವಿದ್ದದ್ದೇ ಅಲ್ಲಿ! ಅಕ್ಕನ ಮೊದಲ ಮಗು ಉಳಿಯಲಿಲ್ಲವಲ್ಲ, ಆಗಲೂ ಎಲ್ಲರೂ ಇದೇ ಮಾತು ಹೇಳಿದ್ದರು. ಅವಳು ತಡೆದುಕೊಳ್ಳಲಾರಳು ಎಂದು ಮಗು ಹೋದ ಮೇಲೂ ಹೇಳಿದ್ದರು.

ಹಾಗಾಗಿ ಈ ಸಲ ಅವಳು ಯಾರ ಮಾತನ್ನೂ ನಂಬಲಿಲ್ಲ. ಊಟ ಬಿಟ್ಟಳು. ಮಾತ್ರೆ ಬಿಟ್ಟಳು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

"ನೋಡಿದ್ರೆ ಮಾತ್ರ ನಂಬ್ತೀನಿ ಕಣೇ," ಎಂದಳು ಕಿಡಿಗೆ. "ಬಾಯಿಮಾತು ಸಾಕಾಗಿದೆ ನನಗೆ."

ಮಕ್ಕಳ ವಾರ್ಡಿನ ಒಳಗೆ ಫೋನ್ ಬಿಡುತ್ತಿರಲಿಲ್ಲ. ಹಿಂದೊಮ್ಮೆ ಯಾರದೋ ಫೋನ್ ಚೀರಿ, ಇನ್ನ್ಯಾರೋ ಫ್ಲಾಶ್ ಹೊಡೆದು, ಮಲಗಿದ್ದ ಮಕ್ಕಳೆಲ್ಲ ಬೆಚ್ಚಿಬಿದ್ದಿದ್ದವಂತೆ. ಅಂದಿನಿಂದ ವಾರ್ಡಿನ ದೊಡ್ಡ ಸಿಸ್ಟರ್ ಹೇಳಿದ್ದೇ ಕಾನೂನು. ಕಿಡಿ ಮೂರು ಸಲ ಬೇಡಿದ ಮೇಲೆ ಆಕೆ ಅವಳ ಹಳೆಯ ಫಿಲ್ಮ್ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು, ಒಮ್ಮೆ ಒತ್ತಿ ನೋಡಿದ್ದರು.

ಟಿಕ್.

ಅಷ್ಟೇ. ರೇಂಜ್‌ಫೈಂಡರ್ ಕ್ಯಾಮೆರಾದ ಗುಣವೇ ಅದು. ಒಳಗೆ ಹಾರುವ ಕನ್ನಡಿ ಇಲ್ಲ, ಸದ್ದೂ ಇಲ್ಲ. ಕಿಂಡಿಯಲ್ಲಿ ಕಣ್ಣಿಟ್ಟರೆ ಒಂದು ಮುಖ ಎರಡಾಗಿ ಕಾಣುತ್ತದೆ. ಉಂಗುರ ತಿರುಗಿಸುತ್ತ ಎರಡನ್ನೂ ಒಂದು ಮಾಡಿದರೆ ಚಿತ್ರ ಸ್ಪಷ್ಟ.

"ಇದಾದ್ರೆ ಸರಿ," ಎಂದಿದ್ದರು ಸಿಸ್ಟರ್. "ಅಪ್ಪ ಒಳಗೆ ಬರೋ ಹೊತ್ತಿಗೆ ನೀನೂ ಬಾ. ಐದೇ ನಿಮಿಷ."

ಆ ಸಂತೋಷದಲ್ಲಿ ಮೆಟ್ಟಿಲಿಳಿದು ಓಡುವಾಗ ಕ್ಯಾಮೆರಾ ಕೈಜಾರಿ ಬಿತ್ತು. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ. ಲೆನ್ಸ್ ಮಾತ್ರ ಒಡೆದು ಚೂರಾಯಿತು!

ಅದಕ್ಕೇ ಈ ಅಂಗಡಿ, ಈ ಜಗಳ, ಈ ದುಬಾರಿ ಲೆನ್ಸ್.

*

ಮಕ್ಕಳ ವಾರ್ಡಿನಲ್ಲಿ ಸಂಜೆಯಂಥ ಬೆಳಕಿತ್ತು. ಎರಡು ಗಾಜಿನ ಪೆಟ್ಟಿಗೆಗಳ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಪೆಟ್ಟಿಗೆಯ ಆ ಬದಿಯಲ್ಲಿ ಭಾವ ನಿಂತಿದ್ದರು. ದೊಡ್ಡ ಲಾರಿಗಳನ್ನು ಓಡಿಸುವ ಆಳು, ಮಗುವಿನ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಬೆವರುತ್ತಿದ್ದರು.

ಕಿಡಿ ಕಿಂಡಿಯಲ್ಲಿ ಕಣ್ಣಿಟ್ಟಳು. ಮಗುವಿನ ಮುಖ ಎರಡಾಗಿ ಕಂಡಿತು. ಉಂಗುರ ತಿರುಗಿಸಿದಳು. ಎರಡು ಮುಖ ಹತ್ತಿರ ಬಂದವು... ಇನ್ನೂ ಹತ್ತಿರ...

ಉಂಗುರ ನಿಂತಿತು.

ಇನ್ನು ತಿರುಗದು! ಆ ಭಾರಿ ಲೆನ್ಸಿಗೆ ಇದಕ್ಕಿಂತ ಹತ್ತಿರದ್ದು ಕಾಣುವುದೇ ಇಲ್ಲ! ಒಂದು ಗೇಣು ಹಿಂದೆ ಸರಿದರೆ ಸಾಕಿತ್ತು. ಸರಿದಳು. ಬೆನ್ನು ಹಿಂದಿನ ಪೆಟ್ಟಿಗೆಗೆ ತಾಗಿತು.

"ಶ್!" ಎಂದರು ದೊಡ್ಡ ಸಿಸ್ಟರ್. "ಅಲ್ಲೂ ಒಂದು ಮಗು ಇದೆ."

ಕಿಡಿ ಮತ್ತೆ ಕಿಂಡಿಯಲ್ಲಿ ಕಣ್ಣಿಟ್ಟಳು. ದೇವರೇ... ಹೇಗೋ ಬರಲಿ... ಒಂದಾದರೂ ಬರಲಿ... ಎಂದುಕೊಳ್ಳುತ್ತ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಐದು ನಿಮಿಷ ಮುಗಿದೇ ಹೋಯಿತು.

ಸ್ಟುಡಿಯೋದ ಡಾರ್ಕ್ ರೂಮಿನಲ್ಲಿ ಫಿಲ್ಮ್ ತೊಳೆದು, ಪ್ರಿಂಟ್ ಹಾಕಿ ನೋಡಿದಳು. ಪೆಟ್ಟಿಗೆಯ ಆಚೆ ನಿಂತ ಭಾವನ ಅಂಗಿಯ ಗುಂಡಿ ಕೂಡ ಎಣಿಸುವ ಹಾಗೆ ಬಂದಿತ್ತು. ಮಗುವಿನ ಜಾಗದಲ್ಲಿ ಒಂದು ಬಿಳಿಯ ಮಂಜು.

ಆದರೂ ತೆಗೆದುಕೊಂಡು ಹೋದಳು. ಏನೂ ಇಲ್ಲದ್ದಕ್ಕಿಂತ ಇದು ಮೇಲಲ್ಲವೇ?

ಮೇಲಾಗಿರಲಿಲ್ಲ.

ಅಕ್ಕ ಫೋಟೋ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಹೊದಿಕೆಯ ಮೇಲೆ ಮಗುಚಿಟ್ಟಳು.

"ಮುಖವೇ ಇಲ್ವಲ್ಲೇ ಇದಕ್ಕೆ."

"ಅಕ್ಕ, ಅದು ಫೋಕಸ್ ಆಗ್ಲಿಲ್ಲ ಅಷ್ಟೇ..."

"ಯಾರದೋ ಮಗುವಿನ ಫೋಟೋನ ಬೇಕಂತಲೇ ಮಸುಕು ಮಾಡಿ ತಂದಿದೀಯಾ?" ಅಕ್ಕನ ದನಿಯಲ್ಲಿ ಕೋಪವಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ಹೋಗಿಬಿಟ್ಟಿದೆ ಅಲ್ವಾ ಮಗು? ಹೇಳಿಬಿಡೇ ಕಿಡಿ. ನೀನಾದ್ರೂ ನಿಜ ಹೇಳು."

ಕಿಡಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡು ಬಿಕ್ಕಿದಳು.

*

ಮಾರನೆಯ ಬೆಳಿಗ್ಗೆ ಅಂಗಡಿಯ ಷಟರ್ ಮೇಲೇರುವಾಗಲೇ ಅವಳು ಎದುರಿಗೆ ನಿಂತಿದ್ದಳು. ಕಣ್ಣು ಊದಿಕೊಂಡಿದ್ದವು.

ಅವನು ಕುರ್ಚಿ ಎಳೆದು ಕೂರಿಸಿದ. ಚಿಕ್ಕಮ್ಮ ಟೀ ತಂದಿಟ್ಟರು.

"ಹತ್ತಿರ ಬರಲ್ಲ ಅಂತ ಯಾಕೆ ಹೇಳ್ಲಿಲ್ಲ ನೀವು?" ಅವಳು ದುಬಾರಿ ಲೆನ್ಸನ್ನು ಮೇಜಿನ ಮೇಲಿಟ್ಟಳು.

"ಹೇಳೋಕೆ ಬಿಟ್ರಾ?"

ಮಾತು ಬಾಯಿಂದ ಜಾರಿದ ಮೇಲೆ ಅವನಿಗೇ ನಾಚಿಕೆಯಾಯಿತು. ಅವಳ ಎದುರು ಕೂತು ಮೆಲ್ಲಗೆ ಹೇಳಿದ.

"ತಪ್ಪು ನಂದೂ ಇದೆ. 'ನಿಮಗಲ್ಲ' ಅಂದೆ. 'ಆ ಕೆಲಸಕ್ಕಲ್ಲ' ಅನ್ನಬೇಕಿತ್ತು. ಪೆಟ್ಟಿಗೆ ಪಕ್ಕದಲ್ಲೇ ನಿಂತು ತೆಗೀಬೇಕು ಅಂತ ನೀವು ಬಂದ ಕೂಡಲೇ ಹೇಳಿದ್ರಿ. ಆ ಅಗ್ಗದ ಲೆನ್ಸ್ ಇನ್ನೊಂದು ಗೇಣು ಹತ್ತಿರಕ್ಕೆ ಬಿಡುತ್ತೆ. ಅದಕ್ಕೇ ಹೇಳಿದ್ದು."

"ಆದ್ರೆ ಅದು ಬೆಳಕು ಕಮ್ಮಿ ತಗೊಳ್ಳುತ್ತಲ್ವಾ?"

"ಹೌದು. ಅದೇ ತಾಪತ್ರಯ."

ಒಂದು ಬೆಳಕು ಕೊಡುತ್ತದೆ, ಹತ್ತಿರ ಬಿಡುವುದಿಲ್ಲ. ಇನ್ನೊಂದು ಹತ್ತಿರ ಬಿಡುತ್ತದೆ, ಬೆಳಕು ಕೊಡುವುದಿಲ್ಲ. ಕಿಡಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸಿದಳು. ಅಳು ನಿಂತಿತ್ತು. ಅವಳ ಒಳಗಿನ ಕಸುಬುದಾರಳು ಎದ್ದು ಕೂತಿದ್ದಳು.

"ಬೆಳಕಿಲ್ದಿದ್ರೆ ನಾನು ಹಿಡೀತೀನಿ," ಎಂದಳು ಥಟ್ಟನೆ. "ಕ್ಯಾಮೆರಾದ ಷಟರ್ ನಿಧಾನ ಇಡ್ತೀನಿ, ಬೆಳಕು ಜಾಸ್ತಿ ಹೊತ್ತು ಬೀಳಲಿ. ಕೈ ಅಲ್ಲಾಡದ ಹಾಗೆ ಉಸಿರು ಕಟ್ತೀನಿ. ಫಿಲ್ಮನ್ನ ತೊಳೆಯುವಾಗ ಇನ್ನಷ್ಟು ಹೊತ್ತು ಬಿಡ್ತೀನಿ. ಒರಟಾಗಿ ಬರುತ್ತೆ, ಬರಲಿ. ಆದ್ರೆ ಮುಖ ಬರುತ್ತೆ! ಎಲ್ಲಿ ಆ ಚಿಕ್ಕ ಲೆನ್ಸ್?"

ಅವನು ಒಂದು ಕ್ಷಣ ತಡೆದ. ಆಮೇಲೆ ಒಳಗೆ ಹೋಗಿ ಅದನ್ನು ತಂದ.

"ಪರೀಕ್ಷೆ ಮಾಡಿ ನೋಡೋಣ," ಎಂದ. ಅಂಗಡಿಯ ದೀಪಗಳನ್ನು ಒಂದೊಂದಾಗಿ ಆರಿಸಿ, ವಾರ್ಡಿನಷ್ಟೇ ಮಬ್ಬು ಮಾಡಿದ. "ಯಾರ ಮುಖ ತೆಗೀತೀರಿ?"

"ಇಲ್ಲಿ ಇರೋದು ನಿಮ್ದೊಂದೇ."

"ನಂದೂ ಒಂದಿದೆಯಪ್ಪಾ," ಎಂದರು ಚಿಕ್ಕಮ್ಮ ಒಳಗಿನಿಂದ. "ಆದ್ರೆ ನಾನು ಬರಲ್ಲ. ಹಾಲು ಉಕ್ಕುತ್ತೆ."

ಅವನು ಗಲ್ಲಾದ ಮೇಲೆ ಗಲ್ಲ ಊರಿ ಕೂತ. ಕಿಡಿ ಹತ್ತಿರ ಬಂದಳು. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಕಿಂಡಿಯಲ್ಲಿ ನೋಡಿದಳು.

ಅವನ ಮುಖ ಎರಡಾಗಿ ಕಂಡಿತು. ಉಂಗುರ ತಿರುಗಿಸಿದಳು. ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ. ಉದ್ದ ರೆಪ್ಪೆಗಳು. ನಿನ್ನೆ ದುರಹಂಕಾರ ಎಂದುಕೊಂಡಿದ್ದು ಈಗ ನೋಡಿದರೆ... ಬರೀ ಸಂಕೋಚ! ಎರಡು ಮುಖಗಳು ಮೆಲ್ಲಗೆ ಜರುಗಿ ಒಂದಾದವು.

ಅವಳ ಬೆರಳು ಗುಂಡಿಯ ಮೇಲೇ ಉಳಿಯಿತು.

*ಒತ್ತು, ಕಿಡಿ. ಏನು ನೋಡ್ತಾ ಕೂತಿದೀಯಾ?*

"ಉಸಿರು ಬಿಡಬೇಡ," ಎಂದು ತನಗೆ ತಾನೇ ಪಿಸುಗುಟ್ಟಿ ಒತ್ತಿದಳು. ಟಿಕ್. ಇನ್ನೊಂದು. ಟಿಕ್. ಮತ್ತೊಂದು.

ಅವನ ಮುಖ ಕೆಂಪಗೆ ಉಬ್ಬುತ್ತ ಬಂತು.

"ಅಯ್ಯೋ! ಏನಾಯ್ತು ನಿಮಗೆ?"

ಅವನು ಭುಸ್ಸೆಂದು ಉಸಿರು ಬಿಟ್ಟ. "ನೀವೇ ಬಿಡಬೇಡ ಅಂದ್ರಲ್ಲ!"

"ನನಗೆ ನಾನೇ ಹೇಳ್ಕೊಂಡಿದ್ದು ರೀ ಅದು!"

ಇಬ್ಬರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದು ಎಂದು ಕಿಡಿಗೆ ಆಗ ಹೊಳೆಯಿತು.

*

ಅಂದು ಮಧ್ಯಾಹ್ನ ಅವಳು ಮತ್ತೆ ಆ ಇಕ್ಕಟ್ಟಿನಲ್ಲಿ ನಿಂತಳು.

ಉಂಗುರ ತಿರುಗಿತು. ನಿನ್ನೆ ನಿಂತ ಜಾಗ ದಾಟಿತು. ಇನ್ನೊಂದು ಗೇಣು ಹತ್ತಿರ... ಮಗುವಿನ ಮುಖ ಒಂದಾಯಿತು!

"ಭಾವ," ಪಿಸುಗುಟ್ಟಿದಳು, "ಬೆರಳು ಕೊಡಿ ಅದಕ್ಕೆ."

"ನನ್ನ ಕೈ ಒರಟು ಕಣಮ್ಮ..."

"ಅದಕ್ಕೆ ಒರಟು ನಯ ಗೊತ್ತಿಲ್ಲ. ಕೊಡಿ."

ಭಾವ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ತಲೆಯಾಡಿಸಿದರು. ಪೆಟ್ಟಿಗೆಯ ದುಂಡು ಕಿಂಡಿಯೊಳಗೆ ತೊಳೆದ ಕೈ ಇಳಿಯಿತು. ಮಗು ತಡಕಾಡಿತು. ಅಕ್ಕಿಕಾಳಿನಂಥ ಉಗುರುಗಳ ಐದು ಬೆರಳು ಆ ಒಂದು ಬೆರಳನ್ನು ಸುತ್ತಿ ಹಿಡಿದವು.

ಮತ್ತು ಕಣ್ಣು ತೆರೆಯಿತು.

ಕಿಡಿ ಉಸಿರು ಕಟ್ಟಿದಳು. ಟಿಕ್.

ಡಾರ್ಕ್ ರೂಮಿನಲ್ಲಿ, ಕೆಂಪು ದೀಪದ ಕೆಳಗೆ, ನೀರಿನಲ್ಲಿ ತೇಲುವ ಕಾಗದದ ಮೇಲೆ ಮೊದಲು ಕಂಡದ್ದು ಆ ಕಣ್ಣು. ಆಮೇಲೆ ಮೂಗು. ಆಮೇಲೆ ಮುಷ್ಟಿ. ಮರಳಿನಂತೆ ಒರಟಾಗಿ ಬಂದಿತ್ತು ಚಿತ್ರ. ಆದರೆ ಜೀವ ತುಂಬಿತ್ತು! ಕಿಡಿ ಒಬ್ಬಳೇ ಕುಣಿದುಬಿಟ್ಟಳು.

ಅಕ್ಕ ಫೋಟೋ ತೆಗೆದುಕೊಂಡು ಕಣ್ಣಿನ ಹತ್ತಿರ ತಂದಳು. ಬಾಗಿಲಲ್ಲಿ ಭಾವ, ಪಕ್ಕದಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಅಮ್ಮ, ಎಲ್ಲರೂ ಅವಳ ಮುಖವನ್ನೇ ನೋಡುತ್ತ ನಿಂತಿದ್ದರು.

"ಇದು ಇವರ ಬೆರಳು," ಎಂದಳು ಅಕ್ಕ ಕೊನೆಗೆ. "ಉಗುರು ಸೀಳಿರೋದು ನೋಡು. ಲಾರಿ ಬಾಗಿಲಿಗೆ ಸಿಕ್ಕಿಸ್ಕೊಂಡಿದ್ರಲ್ಲ."

"ಹೂಂ ಅಕ್ಕ."

"ಹಂಗಾದ್ರೆ ಇದು... ಇದು ನನ್ನ..."

ಮಾತು ಮುಗಿಯಲಿಲ್ಲ. ಫೋಟೋವನ್ನು ಎದೆಗೊತ್ತಿಕೊಂಡು ಅಕ್ಕ ಹೋ ಎಂದು ಅತ್ತಳು. ಕಟ್ಟೆಯೊಡೆದು ಹರಿದ ಅಳು ಅದು. ಅತ್ತು ಅತ್ತು ಸುಸ್ತಾದ ಮೇಲೆ ಕಣ್ಣೊರೆಸಿ, ಮತ್ತೊಮ್ಮೆ ನೋಡಿ, ಮುಖ ಸಿಂಡರಿಸಿದಳು.

"ಮೂಗು ಮಾತ್ರ ಅಮ್ಮಂದೇ. ಅಯ್ಯೋ ಪಾಪ ಮಗುವೇ!"

"ಏನಾಗಿದೆಯೇ ನನ್ನ ಮೂಗಿಗೆ?" ಎಂದರು ಅಮ್ಮ ಅಳುತ್ತಲೇ.

"ಜಗಳ ಆಮೇಲೆ ಆಡೋಣ. ಮೊದಲು ತಿನ್ನೋಕೆ ಏನಾದ್ರೂ ಕೊಡಿ. ಹಸಿವಾಗ್ತಿದೆ ನನಗೆ."

ಭಾವ ಊಟ ತರಲು ಓಡಿದ ರಭಸಕ್ಕೆ ಒಂದು ಚಪ್ಪಲಿ ಅಲ್ಲೇ ಉಳಿಯಿತು.

*

ಆ ಸುದ್ದಿ ಆಸ್ಪತ್ರೆಯಲ್ಲಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ದೊಡ್ಡ ಸಿಸ್ಟರ್ ಕಿಡಿಯನ್ನು ಪಕ್ಕಕ್ಕೆ ಕರೆದರು. "ಕಿಟಕಿ ಪಕ್ಕದ ಪೆಟ್ಟಿಗೆಯ ಮಗು ಇದೆಯಲ್ಲ, ಅದರ ತಾಯಿ ಆಪರೇಷನ್ ಆಗಿ ಮಲಗಿದ್ದಾಳೆ. ಅವಳೂ ಇನ್ನೂ ನೋಡಿಲ್ಲ." ಸ್ವಲ್ಪ ತಡೆದು, "ಅದರ ಪಕ್ಕದ ಮಗುವಿನ ತಾಯಿಯೂ ನೋಡಿಲ್ಲ," ಎಂದರು.

ಹೀಗೆ ಒಂದು ಮಗುವಿನ ಫೋಟೋ ತೆಗೆಯಲು ಬಂದವಳು ವಾರ್ಡಿನ ಎಲ್ಲ ಮಕ್ಕಳ ಫೋಟೋ ತೆಗೆಯುವವಳಾದಳು. ಸ್ಟುಡಿಯೋ ಕೆಲಸ ಮುಗಿಸಿ ಬರುತ್ತಿದ್ದಳು. ಫಿಲ್ಮ್ ತೊಳೆಯಲು ಅಂಗಡಿಯ ಹಿಂದಿನ ಕೋಣೆ ಸಿಕ್ಕಿತು. ಪ್ರಿಂಟ್ ಹಾಕಲು ಅಂಗಡಿಯವನ ಕೈ ಸಿಕ್ಕಿತು.

ಕೆಂಪು ದೀಪದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಮಕ್ಕಳ ಮುಖ ಮೂಡುವುದನ್ನು ಕಾಯುತ್ತಿದ್ದರು.

"ಇವನು ಆಕಳಿಸ್ತಿದ್ದಾನೆ ನೋಡಿ."

"ಆಕಳಿಕೆ ಅಲ್ಲ ಅದು. ನನ್ನ ಮೇಲೆ ಕೂಗಾಡ್ತಿದ್ದ."

"ನಿಮ್ಮ ಮೇಲೆ ಕೂಗಾಡೋ ಧೈರ್ಯ ಅವನೊಬ್ಬನಿಗೇ ಇರೋದು ಬಿಡಿ."

ಅವಳಿಗೆ ಕೋಪ ಬರಬೇಕಿತ್ತು. ನಗು ಬಂತು. ಅವನ ಮೊಣಕೈ ತಾಗಿದರೆ ಸರಿಯುವುದನ್ನು ಅವಳು ಯಾವಾಗಲೋ ಮರೆತಿದ್ದಳು. ಅವನೂ...

ಅಕ್ಕನ ಜ್ವರ ಬಿಟ್ಟಿತು. ಎರಡು ತಿಂಗಳಲ್ಲಿ ಮಗು ಮೈ ತುಂಬಿಕೊಂಡಿತು. ವಾರ್ಡಿನ ಹೊರಗಿನ ಉದ್ದನೆಯ ಗೋಡೆಯ ಮೇಲೆ ಎಲ್ಲ ಮಕ್ಕಳ ಫೋಟೋ ದೊಡ್ಡದಾಗಿ ಮಾಡಿ ಹಾಕಬೇಕೆಂದು ಆಸ್ಪತ್ರೆಯವರು ತೀರ್ಮಾನಿಸಿದರು. ಅದರ ಹಿಂದಿನ ದಿನ ಕಿಡಿ ಲೆನ್ಸನ್ನು ಹಿಂತಿರುಗಿಸಲು ಅಂಗಡಿಗೆ ಬಂದಳು.

ಕೆಲಸ ಮುಗಿಯಿತು. ಇನ್ನು ಇಲ್ಲಿಗೆ ಬರಲು ನೆಪವೇ ಇಲ್ಲ. *ಒಂದು ಮಾತಾದರೂ ಹೇಳ್ತಾನಾ ಇವನು?*

"ತಗೊಳ್ಳಿ ನಿಮ್ಮ ಲೆನ್ಸ್. ಬಾಡಿಗೆ ಎಷ್ಟಾಯ್ತು ಹೇಳಿ."

ಅವನು ಲೆನ್ಸ್ ನೋಡಿದ. ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ.

"ಬಾಡಿಗೆ ಏನೂ ಬೇಡ. ಇಟ್ಕೊಳ್ಳಿ ಅದನ್ನ. ನಿಮಗೇ."

"ಅಂದ್ರೆ?"

"ಸುಮ್ನೆ... ಇಟ್ಕೊಳ್ಳಿ."

ಅವಳು ಕಾದದ್ದು ಬೇರೆ ಮಾತಿಗೆ. ಸಿಕ್ಕಿದ್ದು ಇದು. ಹಳೆಯ ಉರಿ ಭುಗ್ಗೆಂದಿತು.

"ದಾನಾನಾ? ಪಾಪ, ಬಡ ಹುಡುಗಿ, ಕೊಂಡ್ಕೊಳ್ಳೋಕೆ ಆಗಲ್ಲ ಅಂತಾನಾ?"

ಅವನ ಮುಖ ಸಪ್ಪಗಾಯಿತು. "ಎರಡು ತಿಂಗಳು ಪಕ್ಕದಲ್ಲೇ ನಿಂತಿದ್ದೆ. ಇಷ್ಟೇನಾ ನಿಮಗೆ ಕಂಡಿದ್ದು?"

ಅವಳು ಲೆನ್ಸನ್ನು ಗಲ್ಲಾದ ಮೇಲಿಟ್ಟು ಹೊರಟುಬಿಟ್ಟಳು. ರಸ್ತೆಯ ತಿರುವಿನವರೆಗೂ ಅವನು ಕರೆಯುತ್ತಾನೆ ಎಂದು ಕಿವಿ ಹಿಂದೆಯೇ ಇತ್ತು.

ಅವನು ಕರೆಯಲಿಲ್ಲ.

*

ಮರುದಿನ ಆಸ್ಪತ್ರೆಯ ಗೋಡೆಯ ಮುಂದೆ ಜನವೋ ಜನ!

ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. "ನೋಡೋ, ನೀನು! ಇಷ್ಟೇ ಇಷ್ಟಿದ್ದೆ!" ಎಂದು ತೋರಿಸುತ್ತಿದ್ದರು. ವೈದ್ಯರು ಚಪ್ಪಾಳೆ ತಟ್ಟಿದರು. ದೊಡ್ಡ ಸಿಸ್ಟರ್ ಕಣ್ಣಿಗೆ ಧೂಳು ಬಿತ್ತೆಂದು ಒರೆಸಿಕೊಂಡರು. ಕಿಟಕಿ ಪಕ್ಕದ ಮಗುವಿನ ತಾಯಿ ಕಿಡಿಯ ಎರಡೂ ಕೈ ಹಿಡಿದು, "ನನ್ನ ಮಗನ್ನ ನನಗೆ ಮೊದಲು ತೋರಿಸಿದ್ದು ನೀನಮ್ಮ," ಎಂದಳು.

ಸ್ಟುಡಿಯೋ ಯಜಮಾನರೂ ಬಂದಿದ್ದರು. ಕನ್ನಡಕ ಏರಿಸಿ ಇಳಿಸಿ ಒಂದೊಂದೇ ಫೋಟೋ ನೋಡಿದರು.

"ಇನ್ಮೇಲೆ ಮದುಮಕ್ಕಳ ಫೋಟೋ ನೀನೇ ತೆಗೀಬೇಕು. ಆ ದುಬಾರಿ ಲೆನ್ಸನ್ನ ಸ್ಟುಡಿಯೋಗೆ ಕೊಂಡು ನಿನ್ನ ಕೈಗೇ ಕೊಡ್ತೀನಿ."

ಎರಡು ತಿಂಗಳ ಹಿಂದೆ ಈ ಮಾತಿಗೆ ಅವಳು ಆಕಾಶಕ್ಕೆ ಮೂರೇ ಗೇಣು ಎನ್ನುತ್ತಿದ್ದಳು.

"ಮದುಮಕ್ಕಳ ಫೋಟೋ ತೆಗೀತೀನಿ ಸರ್, ಬಿಡಲ್ಲ," ಎಂದಳು ನಗುತ್ತ. "ಆ ಲೆನ್ಸೂ ಒಳ್ಳೇದೇ. ಸಂಜೆ ಬೆಳಕಲ್ಲಿ ದೂರದಿಂದ ತೆಗೆಯೋಕೆ ಅದಕ್ಕೆ ಸಾಟಿ ಇಲ್ಲ, ಸ್ಟುಡಿಯೋಗೆ ಕೊಳ್ಳಿ. ಆದ್ರೆ ನನ್ನ ಕ್ಯಾಮೆರಾದ ಮೇಲೆ ಸದಾ ಇರೋದು ಮಾತ್ರ ಹತ್ತಿರ ಹೋಗೋದೇ. ಅದನ್ನ ನಾನೇ ಆರಿಸ್ಕೋತೀನಿ."

ಹೇಳಿದ ಮೇಲೆ ನೆನಪಾಯಿತು. ಆ ಲೆನ್ಸನ್ನು ನಿನ್ನೆ ಅವಳೇ ಬಿಟ್ಟು ಬಂದಿದ್ದಾಳೆ. ಅವಳ ಕಣ್ಣು ಗುಂಪಿನಲ್ಲಿ ಹುಡುಕಿತು. ಅವನಿಲ್ಲ. ಬಂದಿದ್ದವರು ಅವನ ಚಿಕ್ಕಮ್ಮ ಮಾತ್ರ.

"ಅವನು ಬರಲ್ಲ ಅಂದ ಕಣೇ," ಎಂದರು ಅವರು ನೇರವಾಗಿ. "ನೀನು ಬೈದೆಯಂತೆ. ಬೈಯೋದು ಬೈದೆ, ವಿಷಯ ತಿಳ್ಕೊಂಡಾದ್ರೂ ಬೈಬೇಕೋ ಬೇಡ್ವೋ?"

"ಯಾವ ವಿಷಯ?"

"ಮಾರೋಕೆ ಇಟ್ಟಿದ್ದ ಚಿಕ್ಕ ಲೆನ್ಸ್, ನೀನು ಮೊದಲನೇ ಸಲ ಬಂದು ಹೋದ ದಿನಾನೇ ಮಾರಿಹೋಯ್ತು. ಮಾರನೇ ದಿನ ನೀನು ಅತ್ಕೊಂಡು ಬಂದಾಗ ಅವನು ಒಳಗೆ ಬಂದು, ತನ್ನ ಸ್ವಂತ ಕ್ಯಾಮೆರಾದಿಂದ ಬಿಚ್ಚಿ ತಂದು ಕೊಟ್ಟ. ಓದೋ ಕಾಲದಿಂದ ಅವನ ಜೊತೆಗಿದ್ದ ಲೆನ್ಸ್ ಅದು. ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ."

ಕಿಡಿ ಗೋಡೆಯ ಮೇಲಿನ ಫೋಟೋಗಳ ಕಡೆ ತಿರುಗಿ ನೋಡಿದಳು.

"ಬೇರೆ ಯಾವುದಾದ್ರೂ ಹಾಕ್ಕೊಳ್ಳೋ, ಅಂಗಡಿ ತುಂಬ ಇದೆ ಅಂದೆ. 'ಬಿಡಿ ಚಿಕ್ಕಮ್ಮ, ಅದು ಅಲ್ಲಿ ಒಳ್ಳೇ ಕೆಲಸ ಮಾಡ್ತಿದೆ' ಅಂತಾನೆ. ಎರಡು ತಿಂಗಳಿಂದ ಒಂದು ಫೋಟೋ ತೆಗೆದಿಲ್ಲ. ಮನಸ್ಸಲ್ಲಿರೋದನ್ನ ಬಾಯಿ ಬಿಟ್ಟು ಹೇಳೋಕೆ ಅವನಿಗೆ ಬರಲ್ಲ. ನಿನಗೆ ಕೇಳಿಸ್ಕೊಳ್ಳೋ ತಾಳ್ಮೆ ಇಲ್ಲ. ಚೆನ್ನಾಗಿ ಸೇರಿದ್ದೀರಿ ಇಬ್ಬರೂ!"

ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. "ಇನ್ನೂ ಯಾಕೆ ಇಲ್ಲೇ ನಿಂತಿದೀಯೇ?" ಎಂದು ತಂಗಿಯ ಬೆನ್ನಿಗೆ ಒಂದು ಗುದ್ದಿದಳು. "ಓಡು!"

ಕಿಡಿ ಓಡಿದಳು.

*

ಅಂಗಡಿಯಲ್ಲಿ ಅವನು ಕಪಾಟಿನ ಗಾಜು ಒರೆಸುತ್ತಿದ್ದ. ಬಾಗಿಲು ಧಡಾರೆಂದು ತೆರೆಯಿತು. ಏದುಸಿರು ಬಿಡುತ್ತ ನಿಂತವಳನ್ನು ನೋಡಿ ಅವನ ಕೈಯ ಬಟ್ಟೆ ಕೆಳಗೆ ಬಿತ್ತು.

"ಅಲ್ಲಿ ಎಲ್ಲರೂ ನನ್ನ ಹೊಗಳ್ತಿದ್ದಾರೆ," ಎಂದಳು ಅವಳು. "ಅರ್ಧ ಹೊಗಳಿಕೆ ನಿಮ್ದು. ತಗೊಳ್ಳೋಕೆ ಯಾಕೆ ಬರ್ಲಿಲ್ಲ?"

"ನೀವು ಕರೀಲಿಲ್ಲ."

"ನೀವೂ ನಿನ್ನೆ ಕರೀಲಿಲ್ಲ. ತಿರುವಿನವರೆಗೂ ಕಾದೆ ನಾನು!"

ಅವನು ತಲೆ ತಗ್ಗಿಸಿದ. "ಕರೆದ್ರೆ ಏನು ಹೇಳಬೇಕು ಅಂತ ಗೊತ್ತಾಗ್ಲಿಲ್ಲ."

"ಈಗ ಹೇಳಿ. ನಾನು ಮಧ್ಯೆ ಮಾತಾಡಲ್ಲ. ಆಣೆ."

ಕಿಡಿ ತುಟಿ ಕಚ್ಚಿ ಹಿಡಿದಳು. ಜೀವಮಾನದಲ್ಲಿ ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದೇ ಇಲ್ಲ.

"ನೀವು ಆ ಮಕ್ಕಳನ್ನ ನೋಡೋ ರೀತಿ ಇದೆಯಲ್ಲ," ಎಂದ ಅವನು ಕೊನೆಗೆ, "ಅದನ್ನ ನೋಡ್ತಾ ನೋಡ್ತಾ ನನಗೆ ಬೇರೆ ಏನೂ ಬೇಡ ಅನ್ನಿಸಿಬಿಡ್ತು. ಆ ಲೆನ್ಸ್ ದಾನ ಅಲ್ಲ. ನನ್ನ ಹತ್ರ ಇದ್ದಿದ್ರಲ್ಲಿ ನನಗೆ ತುಂಬ ಇಷ್ಟವಾದದ್ದು ಅದು. ಇಷ್ಟವಾದವರಿಗೆ ಕೊಟ್ಟೆ. ಅಷ್ಟೇ."

ಅವಳ ಕಣ್ಣು ತುಂಬಿ ಬಂದವು. ಲೆನ್ಸ್ ಇನ್ನೂ ಗಲ್ಲಾದ ಮೇಲೆ ಅವಳು ಬಿಟ್ಟು ಹೋದಲ್ಲೇ ಇತ್ತು. ಅದನ್ನು ಎತ್ತಿ, ಅವನ ಅಂಗೈ ಎಳೆದು, ಅದರೊಳಗೆ ಇಟ್ಟು, ಮೇಲೆ ತನ್ನ ಕೈ ಮುಚ್ಚಿದಳು.

"ಇದು ನಿಮ್ಮ ಹತ್ರಾನೂ ಇರಬೇಕು. ನನ್ನ ಹತ್ರಾನೂ ಇರಬೇಕು."

"ಅದು ಹೇಗಾಗುತ್ತೆ? ಇರೋದು ಒಂದೇ."

"ಒಂದೇ ಮನೆ ಆದ್ರೆ ಒಂದೇ ಸಾಕಲ್ವಾ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖ ಅರಳಿದ ಪರಿಯನ್ನು ಹಿಡಿಯಲು ಆ ಹೊತ್ತು ಅವಳ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೂ ಅವಳು ಕೈ ಬಿಡುತ್ತಿರಲಿಲ್ಲ.

"ದಿನಾ ಜಗಳ ಆಗುತ್ತೆ," ಎಂದ ಅವನು. "ಇವತ್ತು ನನಗೆ ಬೇಕು, ನಿನಗೆ ಬೇಕು ಅಂತ."

"ನಿನಗೆ ಅಂದ್ರಾ?"

"ತಪ್ಪಾಯ್ತಾ?"

"ಇಲ್ಲ," ಎಂದಳು ಕಿಡಿ, ಅವನ ಭುಜಕ್ಕೆ ಹಣೆ ಆನಿಸಿ. "ಇನ್ನೊಂದು ಸಲ ಹೇಳು."